ಟ್ರಿಕ್ಸಿ ಬಂತು, ಥ್ಯಾಂಕ್ಸ್ ಬಾಕಿ ಇತ್ತು

2025ರ ಆಗಸ್ಟ್ 9ರಂದು ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ 13ನೇ ಆವೃತ್ತಿ ಬಿಡುಗಡೆಯಾಯಿತು. ಟ್ರಿಕ್ಸಿ ಅಂತ ಅದರ ಹೆಸರು. ನಾನು ನೋಡಿಕೊಳ್ಳುವ ಪುಟ್ಟ ಲೈಬ್ರರಿಯೂ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್) ಅದರಲ್ಲಿದೆ, ಹೆಸರಿನ ಕೊನೆಗೆ 'ಟಿ64' ಅನ್ನುವ ಬಾಲ ಹಚ್ಚಿಕೊಂಡು. ಆ ಬಾಲ ಬಂದ ದಿನಗಳಲ್ಲಿ ನಾನು ಕಂಪ್ಯೂಟರ್ ಮುಂದೆ ಇರಲೇ ಇಲ್ಲ. ಇದ್ದವರ ಬಗ್ಗೆ ಬರೆಯಬೇಕು ಅಂತ ಆಗಿನಿಂದ ಅಂದುಕೊಳ್ಳುತ್ತಲೇ ಇದ್ದೆ.

ಆಗ ಅಪ್ಪ ಆಸ್ಪತ್ರೆಯಲ್ಲಿದ್ದರು. ಆ ವಿಷಯ ನಿಮಗೆಲ್ಲ ಗೊತ್ತು, ಮತ್ತೆ ಹೇಳಲ್ಲ. ಈಗ ಮನೆಯಲ್ಲಿದ್ದಾರೆ. ಸಾರಿಗೆ ಉಪ್ಪಿಲ್ಲ ಅಂತ ದಿನಾ ಅಮ್ಮನ ಜೊತೆ ಜಗಳ.

ಡೆಬಿಯನ್ ಪರಿಚಯ ಇಲ್ಲದ ನೆಂಟರೂ ಇದನ್ನು ಓದುತ್ತೀರಿ, ಹಾಗಾಗಿ ಒಂದೆರಡು ಮಾತು. ಕಂಪ್ಯೂಟರ್‌ಗಳು ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. 32 ಬಿಟ್‌ನ ಜಾಗದಲ್ಲಿ ಆ ಎಣಿಕೆ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ಮುಂದಿನ ಸೆಕೆಂಡಿಗೆ ಗಡಿಯಾರ 1901ಕ್ಕೆ ಹೋಗಿ ಕೂರುತ್ತದೆ. ಜಾಗವನ್ನು 64 ಬಿಟ್‌ಗೆ ಹಿಗ್ಗಿಸಿದರೆ ಮುಗೀತು ಅಲ್ವಾ? ಮುಗಿಯಲ್ಲ. ಲೈಬ್ರರಿ ಹೊಸ ಅಳತೆಯಲ್ಲಿದ್ದು, ಅದನ್ನು ಬಳಸುವ ಪ್ರೋಗ್ರಾಂ ಹಳೇ ಅಳತೆಯಲ್ಲೇ ಉಳಿದರೆ ಮೆಮೊರಿಯಲ್ಲಿ ಯಾವುದು ಎಲ್ಲಿದೆ ಅನ್ನುವುದೇ ಇಬ್ಬರಿಗೂ ಬೇರೆ ಬೇರೆ. ಅದಕ್ಕೇ ಲೈಬ್ರರಿ ಪ್ಯಾಕೇಜ್‌ಗಳ ಹೆಸರಿಗೆ ಆ 'ಟಿ64' ಬಾಲ ಹಚ್ಚಿ, ಅವುಗಳ ಮೇಲೆ ನಿಂತವನ್ನೆಲ್ಲ ಸರದಿ ಪ್ರಕಾರ ಮತ್ತೆ ಬಿಲ್ಡ್ ಮಾಡಿದರು, ಅಂದರೆ ಕೋಡ್‌ನಿಂದ ಓಡುವ ಪ್ರೋಗ್ರಾಂ ತಯಾರಿಸಿದರು. ಹಳೇ 32 ಬಿಟ್ ಪಿಸಿಗಳ ಐ386ನ್ನು ಮಾತ್ರ ಬೇಕಂತಲೇ ಬಿಟ್ಟರು. ಅದರ ಹಳೇ ಬೈನರಿಗಳು ಓಡಬೇಕಲ್ಲ.

2024ರ ಫೆಬ್ರವರಿ ಕೊನೆಗೆ ಅನ್‌ಸ್ಟೇಬಲ್‌ಗೆ (ಡೆಬಿಯನ್‌ನಲ್ಲಿ ಕೆಲಸ ನಡೆಯುತ್ತಿರುವ ಆವೃತ್ತಿ) ಅಪ್‌ಲೋಡ್‌ಗಳು ಶುರುವಾದವು. 32 ಬಿಟ್ ಆರ್ಮ್ ಪ್ರೊಸೆಸರ್‌ಗಳ ಆರ್ಮ್‌ಎಚ್‌ಎಫ್ ವಾರಗಟ್ಟಲೆ ಮಲಗಿಬಿಟ್ಟಿತು. ಇದನ್ನು ಬಿಲ್ಡ್ ಮಾಡಲು ಅದು ಬೇಕು, ಅದನ್ನು ಮಾಡಲು ಇದೇ ಬೇಕು. ಮಧ್ಯೆ ಮಾರ್ಚ್ 29ಕ್ಕೆ ಎಕ್ಸ್‌ಝಡ್ ಅನ್ನುವ ಕಂಪ್ರೆಷನ್ ಸಾಫ್ಟ್‌ವೇರ್‌ನಲ್ಲಿ ಅಡಗಿಸಿಟ್ಟಿದ್ದ ಹಿಂಬಾಗಿಲು ಬಯಲಾಗಿ ಎಲ್ಲರ ನಿದ್ದೆ ಕೆಟ್ಟಿತು. ನಾನು ಅದನ್ನೆಲ್ಲ ಓದಿದ್ದು ಆಸ್ಪತ್ರೆಯಲ್ಲಿ, ಫೋನ್‌ನಲ್ಲಿ.

ಈಗ ಅಕ್ಕನ ವಿಷಯ, ನಾನು ಅಕ್ಕ ಅನ್ನುವ ಡೆಬಿಯನ್ ಗೆಳತಿ. ಹೆಸರು ಹಾಕಿದರೆ ಬೈಯುತ್ತೇನೆ ಅಂದಿದ್ದಾರೆ, ಹಾಕಲ್ಲ. ಧಾರವಾಡದವರು, ಜರ್ಮನಿಯಲ್ಲಿದ್ದಾರೆ. ಮುಖಾಮುಖಿ ಭೇಟಿಯಾಗಿದ್ದು 2023ರಲ್ಲಿ, ಕೊಚ್ಚಿಯಲ್ಲಿ ನಡೆದ ಡೆಬಿಯನ್ ಸಮ್ಮೇಳನ ಡೆಬ್‌ಕಾನ್ಫ್‌ನಲ್ಲಿ. ಆಮೇಲೆ ಬರೀ ಚಾಟ್.

ಅಪ್ಪನನ್ನು ಐಸಿಯುಗೆ ಹಾಕಿದ ರಾತ್ರಿ ನನ್ನ ಲೈಬ್ರರಿ ಆರ್ಮ್‌ಎಚ್‌ಎಫ್‌ನಲ್ಲಿ ಬಿಲ್ಡ್ ಆಗದೆ ಬಿತ್ತು. ಟ್ರ್ಯಾಕರ್‌ನಲ್ಲಿ ಅದು ಕೆಂಪು. ಅದಕ್ಕೆ ಕಾಯುವವು ಹಿಂದೆ ಸಾಲಾಗಿ ನಿಂತಿದ್ದವು. ಅಕ್ಕನಿಗೆ ಎರಡು ಸಾಲು ಬರೆದೆ. ಉತ್ತರ ತಕ್ಷಣ ಬಂತು: "ನೀ ಅಪ್ಪಾರನ್ನ ನೋಡ್ಕೋ. ಬಿಲ್ಡ್ ನಾ ನೋಡ್ಕೋತೀನಿ."

ಡೆವಲಪರ್‌ಗಳಿಗೆ ಪರೀಕ್ಷೆಗೆಂದು ಡೆಬಿಯನ್ ಇಟ್ಟಿರುವ ಮೆಷಿನ್, ಪೋರ್ಟರ್‌ಬಾಕ್ಸ್‌ನಲ್ಲಿ ಬೇಕಾದ ಪ್ಯಾಕೇಜ್‌ಗಳೇ ಇನ್‌ಸ್ಟಾಲ್ ಆಗುತ್ತಿರಲಿಲ್ಲ. ಅಕ್ಕ ತಮ್ಮ ಮನೆಯ ಆರ್ಮ್ ಬೋರ್ಡ್ ಮೇಲೆ ಒಂದೊಂದನ್ನೇ ಕೈಯಾರೆ ಜೋಡಿಸಿ ಬಿಲ್ಡ್ ಹಾಕಿದರು. ನಿಧಾನದ ಬೋರ್ಡ್. ಒಂದು ಸುತ್ತು ಮುಗಿಯೋ ಹೊತ್ತಿಗೆ ಊಟ ಮಾಡಿ ಪಾತ್ರೆ ತೊಳೆದಿಡಬಹುದು, ಅಷ್ಟು ನಿಧಾನ. ಬಿದ್ದಿದ್ದು ಒಂದೇ ಒಂದು ಟೆಸ್ಟ್. ಎಫ್‌ಪ್ರಿಂಟ್‌ಎಫ್‌ನ (ಫೈಲ್‌ಗೆ ಬರೆಯುವ ಸಿ ಫಂಕ್ಷನ್) ಒಂದು ಸಾಲು ಸಮಯ ಮತ್ತು ಎಣಿಕೆ ಎರಡನ್ನೂ ಲಾಗ್‌ಗೆ ಬರೆಯುತ್ತಿತ್ತು. ಸಮಯ ಸರಿಯಾಗಿಯೇ ಬರುತ್ತಿತ್ತು. ಪಕ್ಕದ ಎಣಿಕೆ ಮಾತ್ರ ಸೊನ್ನೆ! ಸಮಯದ ಮೇಲೆ ಯಾರಿಗೂ ಅನುಮಾನ ಬರುವ ಹಾಗೇ ಇರಲಿಲ್ಲ. ಫಾರ್ಮ್ಯಾಟ್‌ನಲ್ಲಿ ಸಂಖ್ಯೆಯನ್ನು ಹೇಗೆ ಓದಬೇಕು ಅಂತ ಹೇಳುವ ಹಳೇ ಗುರುತು 'ಪರ್ಸೆಂಟ್ ಎಲ್ ಡಿ' ಇನ್ನೂ ಇತ್ತು. 32 ಬಿಟ್‌ನಲ್ಲಿ ಅದು ಓದುವುದು ನಾಲ್ಕೇ ಬೈಟ್, ಹೊಸ ಸಮಯ ಎಂಟು ಬೈಟ್. ಉಳಿದ ನಾಲ್ಕು ಬೈಟ್ ಎಣಿಕೆಯ ಜಾಗದಲ್ಲಿ ಬಂದು ಕೂತಿದ್ದವು, ಅವು ಸೊನ್ನೆ. 64 ಬಿಟ್ ಲ್ಯಾಪ್‌ಟಾಪ್‌ನಲ್ಲಿ ಇದು ಯಾವತ್ತೂ ಕಾಣುತ್ತಲೇ ಇರಲಿಲ್ಲ.

ಇದನ್ನೆಲ್ಲ ಅಕ್ಕ ಆಗಿಂದಾಗ್ಗೆ ನನಗೆ ಕಳಿಸುತ್ತಲೇ ಇದ್ದರು. ಲಾಗ್‌ನ ಹತ್ತು ಸಾಲು, ಸ್ವಲ್ಪ ಹೊತ್ತಿಗೆ ಇನ್ನೊಂದು ಹತ್ತು ಸಾಲು. ಅಪ್ಪ ಹೇಗಿದ್ದಾರೆ ಅಂತ ಪದೇ ಪದೇ ಕೇಳಲಿಲ್ಲ. ಅದು ಎಂಥ ಉಪಕಾರ ಅಂತ ಐಸಿಯು ಹೊರಗೆ ರಾತ್ರಿ ಕಳೆದವರಿಗೆ ಗೊತ್ತು.

ಒಂದು ಹೊತ್ತಲ್ಲಿ ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಮೇಲೆ, ಡಾಕ್ಟರ್ ಮೇಲೆ, 2038ರ ಮೇಲೆ. ನಾಳೆ ಬೆಳಿಗ್ಗೆ ಏನಾಗುತ್ತೋ ಗೊತ್ತಿಲ್ಲ, ಇನ್ನು ಹದಿನಾಲ್ಕು ವರ್ಷ ಆದಮೇಲಿನ ಸೆಕೆಂಡಿನ ಚಿಂತೆ ಯಾಕೆ ನಮಗೆ ಅಂತ ಟೈಪ್ ಮಾಡಿದೆ. ಇನ್ನೂ ಏನೇನೋ ಬರೆದೆ, ಅದು ಇಲ್ಲಿ ಬೇಡ. ಅಕ್ಕ ಸಮಾಧಾನ ಹೇಳಲಿಲ್ಲ. "ಖರೇ ಐತಿ," ಅಂದರು. ಆಮೇಲೆ, "ಇದನ್ನ ಓದು, ಟೆಸ್ಟ್ ಪಾಸ್ ಆತು."

ನಮ್ಮಲ್ಲಿ ಬೆಳಕು ಹರಿದಾಗ ಅಲ್ಲಿ ರಾತ್ರಿ ಒಂದು ದಾಟಿತ್ತು. ಅವರಿಗೆ ಬೆಳಿಗ್ಗೆ ಆಫೀಸ್ ಬೇರೆ. ಆದರೂ ಪ್ಯಾಚ್ ಬಗ್‌ಗೆ ಹಾಕಿ, ಎನ್‌ಎಂಯು (ಮೇಂಟೈನರ್ ಅಲ್ಲದವರು ಮಾಡುವ ಅಪ್‌ಲೋಡ್) ಮಾಡಿ, ಬಿಲ್ಡ್ ಹಸಿರಾಗಿದ್ದನ್ನು ನೋಡಿಯೇ ಮಲಗಿದರು. ಮೂಲ ಪ್ರಾಜೆಕ್ಟ್‌ಗೂ ಅದೇ ಪ್ಯಾಚ್ ಕಳಿಸಿದರು, ನನ್ನನ್ನು ಕೇಳದೆ. ಕೇಳದೇ ಇದ್ದಿದ್ದಕ್ಕೂ ಥ್ಯಾಂಕ್ಸ್.

ಈ ಇಡೀ ಬದಲಾವಣೆಯನ್ನು ಮುಂದೆ ನಿಂತು ನಡೆಸಿದವರು ಸ್ಟೀವ್ ಲಾಂಗಾಸೆಕ್. 2025ರ ಜನವರಿ 1ರಂದು ತೀರಿಕೊಂಡರು, ಟ್ರಿಕ್ಸಿ ನೋಡಲಿಲ್ಲ. ನನಗೆ ಅವರ ಪರಿಚಯ ಇರಲಿಲ್ಲ. ಎಷ್ಟೋ ಪ್ಯಾಕೇಜ್‌ಗಳ ಚೇಂಜ್‌ಲಾಗ್‌ನಲ್ಲಿ ಅವರ ಹೆಸರಿದೆ, ಹಾಗೆ ಗೊತ್ತು. ಕೋಡ್ ಬರೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ, ಇವತ್ತು ಯಾರು ಅಪ್‌ಲೋಡ್ ಮಾಡಬಾರದು ಅಂತ ತಿಂಗಳುಗಟ್ಟಲೆ ಬೇಸರವಿಲ್ಲದೆ ಹೇಳುವವರು ಕಮ್ಮಿ.

ರಿಲೀಸ್ ಟೀಮ್, ಬಿಲ್ಡ್ ಮಾಡುವ ಸರ್ವರ್‌ಗಳಾದ ಬಿಲ್ಡ್‌ಡಿ ನೋಡಿಕೊಳ್ಳುವವರು, ನನ್ನ ಬಗ್‌ಗಳಿಗೆ ಉತ್ತರ ಕೊಟ್ಟ ಗೆಳೆಯರು, ರಜೆ ಕೇಳಿದಾಗ ಮರುಮಾತಾಡದ ಮ್ಯಾನೇಜರ್, ರಕ್ತ ಕೊಟ್ಟ ಪಕ್ಕದ ಬೀದಿ ಹುಡುಗರು, ಎಲ್ಲರಿಗೂ ಥ್ಯಾಂಕ್ಸ್.

ಅಕ್ಕ ಈಗ ಈ ಪ್ಯಾಕೇಜ್‌ನ ಜೊತೆ ಮೇಂಟೈನರ್. ಕಂಟ್ರೋಲ್ ಫೈಲ್‌ನಲ್ಲಿ ಹೆಸರಿದೆ, ಹುಡುಕಿದವರಿಗೆ ಸಿಗುತ್ತೆ, ನಾನು ಹೇಳಿದ್ದಲ್ಲ. ಹೊಸ ವರ್ಷನ್‌ನಲ್ಲಿ ಸೋನೇಮ್ (ಪ್ರೋಗ್ರಾಂಗಳು ಲೈಬ್ರರಿಯನ್ನು ಗುರುತಿಸುವ ಹೆಸರು) ಬದಲಾಗಿದೆ, ಅಂದರೆ ಅದನ್ನು ಬಳಸುವವನ್ನೆಲ್ಲ ಮತ್ತೆ ಬಿಲ್ಡ್ ಮಾಡುವ ಇನ್ನೊಂದು ಟ್ರಾನ್ಸಿಷನ್. ಸುಮ್ನೆ ಅನ್‌ಸ್ಟೇಬಲ್‌ಗೆ ಹಾಕಲ್ಲ, ಮೊದಲು ಪ್ರಯೋಗಕ್ಕೆಂದೇ ಇರುವ ಎಕ್ಸ್‌ಪೆರಿಮೆಂಟಲ್. ನಿಮ್ಮ ಪ್ಯಾಕೇಜ್ ಇದರ ಮೇಲೆ ನಿಂತಿದ್ದರೆ ಒಮ್ಮೆ ಬಿಲ್ಡ್ ಮಾಡಿ ನೋಡಿ, ಬಿದ್ದರೆ ಬಗ್ ಹಾಕಿ. ಈ ಸಲ ನಾನು ಇರುತ್ತೇನೆ.