ಅಪ್ಪನ ಫೋನಿನಿಂದ ಮಗಳು

ವಾಕಿಂಗ್ ಗುಂಪಿನ ಎಲ್ಲ ಕಾಕಾ, ಮಾಮಾಗಳಿಗೆ ಶರಣು. ನಂಬರ್ ಅಪ್ಪನದು, ಬರೆಯುತ್ತಿರುವುದು ನಾನು. ಸೋಮವಾರ ಬೆಳಿಗ್ಗೆ ಅಪ್ಪ ಹೋಗಿಬಿಟ್ಟರು. ಹೃದಯಾಘಾತ. ನಿಮ್ಮ ಜೊತೆ ಅಪ್ಪನ ಕೆರೆಗೆ ಬರಲು ಬೂಟು ಹಾಕಿಕೊಳ್ಳುತ್ತಿದ್ದರು. ಒಂದರ ಲೇಸ್ ಕಟ್ಟಿದ್ದರು, ಇನ್ನೊಂದರದು ಹಾಗೇ ಇತ್ತು. (ಸಣ್ಣವಳಿದ್ದಾಗ ಹೆಸರು ಕೇಳಿ ಅದು ನಮ್ಮಪ್ಪನದೇ ಕೆರೆ ಅಂದುಕೊಂಡಿದ್ದೆ. ಅವರೂ ಅಲ್ಲ ಅನ್ನಲಿಲ್ಲ.)

ಹಿಂದಿನ ರಾತ್ರಿ ಎದೆ ಉರಿ ಅಂದರು. ಗ್ಯಾಸ್ ಇರಬೇಕು ಅಂತ ಅಜವಾನ ಅಗಿದು ಮಲಗಿದರು. ನಾವೂ ಸುಮ್ನಾದೆವು. ದಯವಿಟ್ಟು ನೀವು ಹಾಗೆ ಮಾಡಬೇಡಿ. ಎದೆ ಬಿಗಿದರೆ, ಬೆವರು ಬಂದರೆ, ನೋವು ತೋಳಿಗೆ, ದವಡೆಗೆ ಇಳಿದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಜಯದೇವ ಆಸ್ಪತ್ರೆ ಈಗ ನಮ್ಮ ಕಲಬುರಗಿಯಲ್ಲೇ ಇದೆ.

ನನ್ನ ಪಿಯುಸಿ ಪರೀಕ್ಷೆ ಮಾರ್ಚ್ ಬಿಸಿಲಲ್ಲಿತ್ತು. ರಾತ್ರಿ ಎರಡಕ್ಕೆ ಕೂಲರ್ ಒಣಗುತ್ತಿತ್ತು. ಮೋಟರ್ ಹಚ್ಚಿದರೆ ಸಪ್ಪಳ ಅಂತ ಅಪ್ಪ ಚರಿಗೆಯಿಂದ ನೀರು ಹಾಕುತ್ತಿದ್ದರು, ಅಂಚಿಗೆ ತಾಗಿಸದ ಹಾಗೆ, ನಿಧಾನಕ್ಕೆ. ನನಗೆ ಗೊತ್ತಾಗುತ್ತಿತ್ತು. ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ, ಅಷ್ಟೇ. ಬೆಳಿಗ್ಗೆ ಕೇಳಿದರೆ 'ಒಳ್ಳೆ ನಿದ್ದೆ ಬಂತು ನೋಡವ್ವ' ಅನ್ನುತ್ತಿದ್ದರು.

ಭಾನುವಾರ ಸಂಜೆ ಐದಕ್ಕೆ ಮನೆಯಲ್ಲಿ ಸೇರುತ್ತೇವೆ. ಹಾರ ತರಬೇಡಿ. ವಾಕಿಂಗ್‌ನಲ್ಲಿ ತೆಗೆದ ಅಪ್ಪನ ಫೋಟೊ ಇದ್ದರೆ ಇಲ್ಲೇ ಹಾಕಿ. ನಮ್ಮ ಮನೆ ಫೋಟೊ ಎಲ್ಲ ತೆಗೆದವರು ಅವರೇ, ಹಾಗಾಗಿ ಅವುಗಳಲ್ಲಿ ಅವರು ಇಲ್ಲ. ಈ ನಂಬರ್ ಬಂದ್ ಮಾಡುವುದಿಲ್ಲ, ನಾನೇ ಇಟ್ಟುಕೊಳ್ಳುತ್ತೇನೆ.