ತಾಮಾರಳನ್ನು ಯಾರೂ ಕೇಳಲಿಲ್ಲ

ಪುಟ್ಟಿ,

ಮೊನ್ನೆ ಫೋನಲ್ಲಿ ಕೇಳಿದೆಯಲ್ಲ, ‘ಅಬ್ಷಾಲೋಮ ಸ್ವಂತ ಅಪ್ಪನ ಮೇಲೇ ಯಾಕಪ್ಪಾ ದಂಗೆ ಎದ್ದ?’ ಅಂತ. ಸಿಂಹಾಸನದ ಆಸೆ ಅಂದುಬಿಟ್ಟೆ. ರಾತ್ರಿ ಬೈಬಲಿನಲ್ಲಿ ಸಮುವೇಲನ ಎರಡನೆಯ ಪುಸ್ತಕ ತೆಗೆದು 13ನೇ ಅಧ್ಯಾಯದಿಂದ ಮತ್ತೆ ಓದಿದೆ. ನನ್ನ ಉತ್ತರ ಸರಿಯಿರಲಿಲ್ಲ.

ಅಬ್ಷಾಲೋಮನ ಅಪ್ಪ ರಾಜ ದಾವೀದ. ಅವನ ಹಿರಿಮಗ ಅಮ್ನೋನ ಕಾಯಿಲೆಯ ನಾಟಕ ಆಡಿ ಮಲಗಿದ್ದ. ಮಲತಂಗಿ ತಾಮಾರಳ ಕೈಯಡುಗೆಯೇ ಬೇಕು ಅಂದ. ‘ಅಣ್ಣನ ಮನೆಗೆ ಹೋಗಿ ಅಡುಗೆ ಮಾಡಿಕೊಡು’ ಎಂದು ಅವಳನ್ನು ಕಳಿಸಿದವನು ಸ್ವತಃ ದಾವೀದ. ಅವಳು ಹಿಟ್ಟು ನಾದಿ, ಅವನ ಕಣ್ಣೆದುರೇ ರೊಟ್ಟಿ ಸುಟ್ಟಳು. ಅವನು ಅವಳ ಮೇಲೆ ಅತ್ಯಾಚಾರ ಮಾಡಿದ. ಆಮೇಲೆ ಆಳಿನ ಕೈಯಲ್ಲಿ ಹೊರಗೆ ತಳ್ಳಿಸಿ ಬಾಗಿಲು ಹಾಕಿಸಿದ. ರಾಜಕುಮಾರಿಯರು ತೊಡುವ ಉದ್ದ ಅಂಗಿಯನ್ನು ಹರಿದುಕೊಂಡು, ತಲೆಗೆ ಬೂದಿ ಹಾಕಿಕೊಂಡು, ಗೋಳಾಡುತ್ತಾ ಹೊರಟಳು ಆ ಹುಡುಗಿ.

ದಾವೀದನಿಗೆ ಬಹಳ ಸಿಟ್ಟು ಬಂತು. ಅಷ್ಟೇ. ಮಗನನ್ನು ಕರೆದು ಒಂದು ಮಾತು ಕೇಳಿದ ಹಾಗೆ ಅಲ್ಲಿ ಬರೆದಿಲ್ಲ. ಒಡಹುಟ್ಟಿದ ಅಣ್ಣ ಅಬ್ಷಾಲೋಮ ಹೇಳಿದ್ದೂ ಇಷ್ಟೇ: ‘ಸುಮ್ಮನಿರು ತಂಗಿ, ಅವನು ನಿನ್ನ ಅಣ್ಣ, ಮನಸ್ಸಿಗೆ ಹಚ್ಚಿಕೊಳ್ಳಬೇಡ.’ ಅವಳು ಅವನ ಮನೆಯಲ್ಲೇ ಒಂಟಿಯಾಗಿ ಉಳಿದಳು.

ಅಬ್ಷಾಲೋಮ ಮಾತ್ರ ಮರೆಯಲಿಲ್ಲ. 2 ವರ್ಷ ಕಾದು, ಕುರಿಗಳ ಉಣ್ಣೆ ಕತ್ತರಿಸುವ ಹಬ್ಬಕ್ಕೆ ಕರೆದು ಅಮ್ನೋನನನ್ನು ಕೊಲ್ಲಿಸಿದ. ತಾಯಿಯ ತವರು ಗೆಷೂರಿಗೆ ಓಡಿಹೋಗಿ 3 ವರ್ಷ ಇದ್ದ. ವಾಪಸ್ ಕರೆಸಿಕೊಂಡರೂ ಅಪ್ಪ 2 ವರ್ಷ ಮುಖ ಕೊಡಲಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಇದರ ಮುಂದಿನ ಭಾಗ. ದಿನಾ ಬೆಳಿಗ್ಗೆ ಊರಬಾಗಿಲ ದಾರಿಯಲ್ಲಿ ನಿಂತು, ರಾಜನ ಹತ್ತಿರ ನ್ಯಾಯಕ್ಕೆ ಬಂದವರಿಗೆ ಅಬ್ಷಾಲೋಮ ಹೇಳುತ್ತಿದ್ದನಂತೆ: ‘ನಿನ್ನ ಮಾತು ನ್ಯಾಯವಾಗಿದೆ, ಆದರೆ ಕೇಳೋದಕ್ಕೆ ರಾಜನ ಕಡೆಯವರು ಯಾರೂ ಇಲ್ಲ.’ ಜನರನ್ನು ಒಲಿಸಿಕೊಳ್ಳೋಕೆ ಆಡಿದ ಮಾತು ನಿಜ. ಆದರೆ ತಾಮಾರಳ ವಿಷಯದಲ್ಲಿ ಅದು ಅಕ್ಷರಶಃ ಸತ್ಯ, ಅಲ್ವಾ? ತನ್ನ ಮಗಳಿಗೂ ಅವನು ತಾಮಾರ ಅಂತಲೇ ಹೆಸರಿಟ್ಟಿದ್ದ.

ಆಮೇಲಿನದು ನಿನಗೆ ಗೊತ್ತು. ಹೆಬ್ರೋನಿನಲ್ಲಿ ದಂಗೆ. ದಾವೀದ ಬರಿಗಾಲಲ್ಲಿ ಅಳುತ್ತಾ ಎಣ್ಣೇಮರಗಳ ಗುಡ್ಡ ಹತ್ತಿದ್ದು. ಮರದ ಕೊಂಬೆಗೆ ತಲೆ ಸಿಕ್ಕಿ ನೇತಾಡುತ್ತಿದ್ದ ಅಬ್ಷಾಲೋಮನನ್ನು ದಾವೀದನ ಸೇನಾಪತಿ ಯೋವಾಬ ತಿವಿದದ್ದು. ಊರಬಾಗಿಲ ಮೇಲಿನ ಕೋಣೆಗೆ ಹೋಗಿ ದಾವೀದ ಅತ್ತ, ನಿನ್ನ ಬದಲು ನಾನೇ ಸತ್ತಿದ್ದರೆ ಅಂತ. ಮಗನಿಗಾಗಿ ಅಷ್ಟು ಅತ್ತವನು ಮಗಳಿಗಾಗಿ ಅತ್ತದ್ದು ಎಲ್ಲೂ ಸಿಗಲಿಲ್ಲ. ಹುಡುಕಿದೆ.

ನೀನು ಎಂಟನೇ ಕ್ಲಾಸಲ್ಲಿದ್ದಾಗ, ಟ್ಯೂಷನ್ ದಾರಿಯಲ್ಲಿ ಒಬ್ಬ ಹಿಂದೆ ಬರ್ತಾನೆ ಅಂದಿದ್ದೆ. ‘ಸುಮ್ನಿರಮ್ಮಾ, ದೊಡ್ಡದು ಮಾಡ್ಬೇಡ’ ಅಂದಿದ್ದೆ ನಾನು. ನೀನು ಬ್ಯಾಗು ಕೆಳಗಿಟ್ಟು ಒಳಗೆ ಹೋದೆ. ಮತ್ತೆ ಆ ಮಾತು ಎತ್ತಲೇ ಇಲ್ಲ. ನಾನೂ ಕೇಳಲಿಲ್ಲ. ತಪ್ಪಾಯ್ತು ಮಗಳೇ.

ಕ್ರಿಸ್‌ಮಸ್ ರಜೆಗೆ ಬಂದಾಗ ಅವತ್ತಿನದನ್ನು ಹೇಳು. ಪೂರ್ತಿ ಕೇಳ್ತೀನಿ.

ನಿನ್ನ,
ಅಪ್ಪ