ಪುಶ್ ಈ ವಾರ, ಪುಲ್ ಮುಂದಿನ ವಾರ

ಪ್ರೀತಿಯ ಗೆಳೆಯಾ,

ಮಕ್ಕಳು ಇಂಗ್ಲಿಷ್ ಪದಗಳನ್ನು ಸ್ಪೆಲ್ಲಿಂಗ್ ಸಮೇತ ಒಪ್ಪಿಸುತ್ತಾರೆ, ಆದರೆ 'ಕ್ಲೋಸ್ ದ ಡೋರ್' ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ ಅಂತ ಬರೆದಿದ್ದೀಯ. ಅವರ ತಪ್ಪೇನೂ ಇಲ್ಲ ಕಣೋ. ಆ ಪದ ಇಟ್ಟುಕೊಂಡು ಅವರು ಇನ್ನೂ ಒಂದು ಕೆಲಸವನ್ನೂ ಮಾಡಿಲ್ಲ.

ಮೊದಲು ಕೈಕಾಲಿಗೆ ಕಲಿಸು. ನೀನು ಹೇಳು, ನೀನೇ ಮಾಡಿ ತೋರಿಸು, ಆಮೇಲೆ ಅವರು ಮಾಡಲಿ. ಬಾಯಿ ಬಿಡಲೇಬೇಕು ಅಂತ ಒತ್ತಾಯ ಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಪುಟ್ಟ ಮಗು ಕೂಡ ಮಾತಾಡೋಕೆ ಮುಂಚೆ ಹೇಳಿದ್ದನ್ನು ಮಾಡುತ್ತೆ, ಅಲ್ವಾ? 'ಓಪನ್ ದ ಡೋರ್', 'ಟಚ್ ದ ಬ್ಯಾಗ್' ರೂಢಿಯಾದ ಮೇಲೆ ಒಂದು ದಿನ ಸುಮ್ನೆ 'ಓಪನ್ ದ ಬ್ಯಾಗ್' ಅಂದು ನೋಡು. ಹಿಂದೆಂದೂ ಕೇಳದ ಆ ಮಾತಿಗೂ ಕೈ ಜಿಪ್ಪಿನ ಕಡೆ ಹೋದರೆ, ಪದ ಅರ್ಥವಾಗಿದೆ ಅಂತಲೇ ಲೆಕ್ಕ.

ನನಗೆ ತುಂಬಾ ಇಷ್ಟವಾದದ್ದು ಚೀಲದ ಆಟ. ಬೀಗದ ಕೈ, ಬಾಚಣಿಗೆ, ಚಮಚ, ಸೋಪು, ದಾರದ ಉಂಡೆ, ಹೀಗೆ ದಿನಾ ಕೈಗೆ ಸಿಗುವ ವಸ್ತುಗಳನ್ನು ಚೀಲಕ್ಕೆ ಹಾಕು. ಒಂದು ಮಗು ನೋಡದೆ ಕೈ ಹಾಕಿ ಒಂದನ್ನು ಹಿಡಿದುಕೊಳ್ಳಲಿ. ಉಳಿದವರು ಪ್ರಶ್ನೆ ಕೇಳಬೇಕು. 'ಇಸ್ ಇಟ್ ಹಾರ್ಡ್?' 'ಇಸ್ ಇಟ್ ಲಾಂಗ್?' ಚೀಲದೊಳಗೆ ಬೆರಳು ಬಾಚಣಿಗೆಯ ಹಲ್ಲುಗಳನ್ನು ಸವರುತ್ತಿರುತ್ತೆ, ಹೆಸರು ನಾಲಗೆಯ ತುದಿಯಲ್ಲಿರುತ್ತೆ. ಆಗ ಥಟ್ಟನೆ ಹೇಳಿಕೊಡಬೇಡ. ಸ್ವಲ್ಪ ಕಾಯಿ. ತಾನಾಗಿ ನೆನಪು ಮಾಡಿಕೊಂಡ ಪದವೇ ಜಾಸ್ತಿ ದಿನ ಉಳಿಯುತ್ತೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಿಟ್ಟುಕೊಡಲ್ಲ. ಪುಶ್-ಪುಲ್, ಲೆಫ್ಟ್-ರೈಟ್ ಇಂಥವನ್ನು ಒಂದೇ ದಿನ ಕಲಿಸಬೇಡ. ಜೋಡಿಯಾಗಿ ಕೊಟ್ಟರೆ ಸುಲಭ ಅಂತ ನಮಗೆ ಅನ್ನಿಸುತ್ತೆ. ಆದರೆ ಎರಡೂ ಹೊಸದಾದಾಗ ಯಾವುದು ಯಾವುದು ಅಂತ ಮಕ್ಕಳಿಗೆ ಕಲಸಿಹೋಗುತ್ತೆ. 1990ರ ದಶಕದಲ್ಲಿ ಥಾಮಸ್ ಟಿಂಕಮ್ ಎಂಬ ಸಂಶೋಧಕ ನಡೆಸಿದ ಪ್ರಯೋಗಗಳಲ್ಲೂ, ಒಂದೇ ಜಾತಿಯ ಹೊಸ ಪದಗಳನ್ನು ಒಟ್ಟಿಗೆ ಕಲಿಯುವುದು ಹೆಚ್ಚು ಕಷ್ಟವಾಗಿತ್ತು. ಈ ವಾರ ಪುಶ್ ಅಂತ ಹೇಳಿ ಬಾಗಿಲು, ಕುರ್ಚಿ, ಬೆಂಚು ಎಲ್ಲಾ ತಳ್ಳಿಸು. ಅದು ಗಟ್ಟಿಯಾದ ಮೇಲೆ ಪುಲ್ ಬರಲಿ. ಬಣ್ಣಗಳಿಗೂ ಇದೇ ಮಾತು.

ಹಳೇ ಪದಗಳನ್ನು ಮಾರನೇ ದಿನ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಆಟಕ್ಕೆ ಎಳೆದು ತಾ.

ಚೀಲದ ಆಟ ಆಡಿಸಿದ ಮೇಲೆ, ಮಕ್ಕಳು ಯಾವ ಪದಕ್ಕೆ ತಡವರಿಸಿದರು ಅಂತ ತಪ್ಪದೆ ಬರೆ. ಮುಂದಿನ ವಾರದ ಪಟ್ಟಿಯನ್ನು ಅಲ್ಲಿಂದಲೇ ಶುರು ಮಾಡೋಣ.

ಇಂತಿ ನಿನ್ನ ಗೆಳೆಯ